ಬಾರುಸ್: ಸುಮಾತ್ರಾದ ಕರ್ಪೂರದ ಬಂದರು

ಬಾರುಸ್ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಪಡುವಣ ಕರಾವಳಿಯಲ್ಲಿರುವ ಒಂದು ಸಣ್ಣ ಊರು. ಉತ್ತರ ಸುಮಾತ್ರಾ ಪ್ರಾಂತ್ಯದ ತಪನೂಲಿ ತೆಂಗಾ ಜಿಲ್ಲೆಗೆ ಸೇರಿದ ಇದು ಸಿಬೊಲ್ಗಾ ಪಟ್ಟಣದಿಂದ ವಾಯವ್ಯಕ್ಕೆ ಸುಮಾರು 65 ಕಿಲೋಮೀಟರ್ ದೂರದಲ್ಲಿದೆ. ಊರಿನ ಮುಂದೆ ಹಿಂದೂ ಮಹಾಸಾಗರ, ಹಿಂದೆ ಬುಕಿತ್ ಬಾರಿಸಾನ್ ಬೆಟ್ಟಸಾಲು. ಎರಡರ ನಡುವಿನ ಕಿರಿದಾದ ಬಯಲಿನಲ್ಲಿ ಭತ್ತದ ಗದ್ದೆ, ತೆಂಗು, ರಬ್ಬರ್ ಮತ್ತು ತಾಳೆ ಎಣ್ಣೆಯ ತೋಟಗಳಿವೆ. ಕಡಲಂಚಿನವರಿಗೆ ಮೀನುಗಾರಿಕೆಯೇ ಕಸುಬು. ಕರಾವಳಿಯ ಮಲಯ ಮತ್ತು ಮಿನಾಂಗ್‌ಕಬಾವ್ ಮೂಲದವರು, ಬೆಟ್ಟದಿಂದ ಇಳಿದುಬಂದ ತೋಬಾ ಹಾಗೂ ಪಾಕ್‌ಪಾಕ್ ಬತಾಕರು, ಎದುರಿನ ನಿಯಾಸ್ ದ್ವೀಪದವರು ಇಲ್ಲಿ ಬೆರೆತು ಬಾಳುತ್ತಾರೆ. ಇಂದು ಹೊರಜಗತ್ತಿಗೆ ಅಷ್ಟಾಗಿ ಗೊತ್ತಿಲ್ಲದ ಈ ಊರು ಸುಮಾರು ಸಾವಿರ ವರ್ಷಗಳ ಕಾಲ ಚೀನಾದಿಂದ ಅರೇಬಿಯಾದವರೆಗೆ ಹೆಸರಾದ ಬಂದರಾಗಿತ್ತು. ಆ ಹೆಸರನ್ನು ತಂದುಕೊಟ್ಟದ್ದು ಕರ್ಪೂರ.

ದೇವರ ಮುಂದೆ ಹಚ್ಚುವ ಸಾಮಾನ್ಯ ಕರ್ಪೂರಕ್ಕೂ ಬಾರುಸಿನ ಕರ್ಪೂರಕ್ಕೂ ವ್ಯತ್ಯಾಸವಿದೆ. ಸಾಮಾನ್ಯ ಕರ್ಪೂರ ಮೂಲತಃ ಚೀನಾ, ಜಪಾನ್ ಮತ್ತು ತೈವಾನ್‌ಗಳಲ್ಲಿ ಬೆಳೆಯುವ, ದಾಲ್ಚಿನ್ನಿಯ ಜಾತಿಗೆ ಸೇರಿದ ಮರದ ಉತ್ಪನ್ನ. ಅದರ ಚೆಕ್ಕೆಗಳನ್ನು ಬೇಯಿಸಿ ಭಟ್ಟಿ ಇಳಿಸಿ ಅದನ್ನು ತೆಗೆಯುತ್ತಿದ್ದರು. ಬಾರುಸಿನ ಕರ್ಪೂರ ಡ್ರೈಯೊಬಲಾನಾಪ್ಸ್ ಎಂಬ ಬೇರೊಂದು ಕುಲದ, ಮುಗಿಲೆತ್ತರ ಬೆಳೆಯುವ ಕಾಡುಮರದ ಒಡಲಲ್ಲಿ ತಾನಾಗಿ ಹರಳುಗಟ್ಟಿದ ಪದಾರ್ಥ. ರಸಾಯನಶಾಸ್ತ್ರದಲ್ಲಿ ಇದರ ಹೆಸರು ಬೋರ್ನಿಯೋಲ್. ಸಾಮಾನ್ಯ ಕರ್ಪೂರ ನೀರಿನಲ್ಲಿ ತೇಲಿದರೆ ಇದು ಮುಳುಗುತ್ತದೆ; ಬೇಗ ಆರಿಹೋಗುವುದಿಲ್ಲ, ಪರಿಮಳವೂ ನವುರು. ಭಾರತದಲ್ಲಿ ಪಚ್ಚಕರ್ಪೂರ, ಭೀಮಸೇನಿ ಕರ್ಪೂರ ಎಂದು ತೀರ್ಥಕ್ಕೆ, ಸಿಹಿ ಅಡುಗೆಗೆ, ತಾಂಬೂಲಕ್ಕೆ ಮತ್ತು ಔಷಧಿಗೆ ಬಳಕೆಯಾದದ್ದು ಈ ಬಗೆಯದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ತಾಂಬೂಲಕ್ಕೆ ಬೇಕಾದ ಸಾಮಗ್ರಿಗಳಲ್ಲಿ ಕರ್ಪೂರವೂ ಸೇರಿದೆ.

ಈ ಕರ್ಪೂರವನ್ನು ಪಡೆಯುವುದು ಸುಲಭವಾಗಿರಲಿಲ್ಲ. ಹರಳು ಕಟ್ಟುವುದು ಕಾಂಡದ ಒಳಗಿನ ಬಿರುಕುಗಳಲ್ಲಿ, ಅದೂ ಕೆಲವೇ ಮರಗಳಲ್ಲಿ. ಯಾವ ಮರದಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂದು ಹೊರಗಿನಿಂದ ಖಚಿತವಾಗಿ ಹೇಳಲು ಬರುತ್ತಿರಲಿಲ್ಲ. ಅನುಭವಿ ಮುಖಂಡನೊಬ್ಬನ ಹಿಂದೆ ಬೆಟ್ಟದ ಜನ ಗುಂಪಾಗಿ ಕಾಡು ಸೇರಿ ವಾರಗಟ್ಟಲೆ ಅಲ್ಲೇ ತಂಗುತ್ತಿದ್ದರು. ಹೊರಡುವ ಮುನ್ನ ಕಾಡಿನ ದೈವಗಳಿಗೆ ಬಲಿ, ನೈವೇದ್ಯ ಆಗಬೇಕಿತ್ತು. ಕೆಲವು ಆಹಾರಗಳು ನಿಷಿದ್ಧವಾಗಿದ್ದವು. ಕೆಲವು ವಸ್ತುಗಳ ನಿಜ ಹೆಸರನ್ನು ಎತ್ತದೆ ಬದಲಿ ಹೆಸರಿನಿಂದಲೇ ಕರೆಯಬೇಕಿತ್ತು. ಆಯ್ದ ಮರವನ್ನು ಉರುಳಿಸಿ, ತುಂಡು ಮಾಡಿ, ಬೆಣೆ ಹೊಡೆದು ಸೀಳಿ, ಒಳಗಿನ ಹರಳುಗಳನ್ನು ಕೆರೆದು ತೆಗೆಯುತ್ತಿದ್ದರು. ಎಷ್ಟೋ ಮರಗಳು ಕಡಿದ ಮೇಲೆ ಬರಿದಾಗಿರುತ್ತಿದ್ದವು. ಸಿಕ್ಕ ಸರಕನ್ನು ಹರಳಿನ ಗಾತ್ರಕ್ಕೆ ತಕ್ಕಂತೆ ವಿಂಗಡಿಸಲಾಗುತ್ತಿತ್ತು. ಸಿಗುವುದು ಅಪರೂಪ, ಶ್ರಮ ಅಪಾರ, ಹೊರಲು ಹಗುರ, ಕೆಡುವ ಭಯವಿಲ್ಲ. ದೂರದ ವ್ಯಾಪಾರಕ್ಕೆ ಇದಕ್ಕಿಂತ ಒಪ್ಪುವ ಸರಕು ಕಡಿಮೆ.

ಬಾರುಸಿನ ಎರಡನೆಯ ಸರಕು ಸಾಂಬ್ರಾಣಿ. ಇಂಡೋನೇಷ್ಯಾದಲ್ಲಿ ಕೆಮೆನ್ಯಾನ್ ಎಂದೂ ತೋಬಾ ಬತಾಕರಲ್ಲಿ ಹಮಿಂಜೋನ್ ಎಂದೂ ಕರೆಯುವ ಈ ರಾಳ ಸ್ಟೈರಾಕ್ಸ್ ಮರದ್ದು. ಅರಬರು ಇದಕ್ಕೆ ಲುಬಾನ್ ಜಾವಿ ಎಂದರು; ದರ್ಗಾಗಳಲ್ಲಿ ಲೋಬಾನ ಎಂದು ಉರಿಸುವುದರಲ್ಲಿ ಇದಕ್ಕೂ ಪಾಲಿದೆ. ಕರ್ಪೂರದಂತೆ ಇದಕ್ಕೆ ಮರ ಕಡಿಯಬೇಕಿಲ್ಲ. ತೊಗಟೆಗೆ ಗಾಯ ಮಾಡಿ ಬಿಟ್ಟರೆ ಒಸರಿದ ಹಾಲು ತಿಂಗಳುಗಳಲ್ಲಿ ಗಟ್ಟಿಯಾಗುತ್ತದೆ, ಆಗ ಕಿತ್ತು ತರುತ್ತಾರೆ. ಅದೇ ಮರ ಹಲವು ವರ್ಷ ಫಲ ಕೊಡುತ್ತದೆ. ಆದ್ದರಿಂದ ಬತಾಕರು ಕಾಡಿನ ನೆರಳಲ್ಲೇ ಈ ಮರಗಳನ್ನು ನೆಟ್ಟು ಬೆಳೆಸಿ ಮಕ್ಕಳಿಗೆ ಆಸ್ತಿಯಾಗಿ ಬಿಟ್ಟರು. ಒಂದು ಸರಕಿಗೆ ಮರ ಸಾಯಬೇಕು, ಇನ್ನೊಂದಕ್ಕೆ ಮರ ಬದುಕಿರಬೇಕು. ಬಾರುಸಿನ ಏರಿಳಿತವನ್ನು ತಿಳಿಯಲು ಈ ವ್ಯತ್ಯಾಸ ಮುಖ್ಯ.

ಊರಿನ ಹೆಸರು ಹೊರನಾಡಿನ ಬರಹಗಳಲ್ಲಿ ಬಹು ಹಿಂದೆಯೇ ಕಾಣಿಸುತ್ತದೆ. 2ನೆಯ ಶತಮಾನದ ಭೂಗೋಳಜ್ಞ ಟಾಲೆಮಿ ಬಾರೂಸಾಯ್ ಎಂಬ ಐದು ದ್ವೀಪಗಳನ್ನು ಹೆಸರಿಸಿದ್ದಾನೆ. ಅದು ಈ ಕರಾವಳಿಯೇ ಎಂಬ ಊಹೆ ಇದೆ, ಎಲ್ಲರೂ ಒಪ್ಪುವುದಿಲ್ಲ. 7ನೆಯ ಶತಮಾನದ ಚೀನೀ ಬೌದ್ಧ ಯಾತ್ರಿಕ ಇತ್ಸಿಂಗ್ ಹೇಳುವ ಪೊ-ಲು-ಶಿಯನ್ನು ಬಾರುಸ್ ಎಂದೇ ಹಲವರು ಗುರುತಿಸುತ್ತಾರೆ. ಅರಬ್ಬರು ಮತ್ತು ಪರ್ಷಿಯನ್ನರು ಈ ಪ್ರದೇಶವನ್ನು ಫನ್ಸೂರ್ ಎಂದು ಕರೆದರು. 851ರ ಒಂದು ಅರಬ್ಬಿ ವರದಿ ಫನ್ಸೂರಿನ ಕರ್ಪೂರವನ್ನು ಹೊಗಳುತ್ತದೆ. 637ರಲ್ಲಿ ಪರ್ಷಿಯಾದ ರಾಜಧಾನಿ ಕ್ಟೆಸಿಫಾನ್ ಗೆದ್ದ ಅರಬ್ ಸೈನಿಕರು ಅರಮನೆಯ ಉಗ್ರಾಣದಲ್ಲಿ ಸಿಕ್ಕ ಕರ್ಪೂರವನ್ನು ಉಪ್ಪೆಂದು ತಿಳಿದು ಅಡುಗೆಗೆ ಹಾಕಿದರೆಂದು ಅರಬ್ ಚರಿತ್ರೆಕಾರರು ಬರೆದಿದ್ದಾರೆ. 13ನೆಯ ಶತಮಾನದ ಕೊನೆಯಲ್ಲಿ ಸುಮಾತ್ರಾದಲ್ಲಿ ತಂಗಿದ್ದ ಮಾರ್ಕೊ ಪೋಲೊ, ಫನ್ಸೂರಿನ ಕರ್ಪೂರ ಚಿನ್ನದ ತೂಕಕ್ಕೆ ಸಮನಾಗಿ ಮಾರಾಟವಾಗುತ್ತದೆ ಎಂದು ದಾಖಲಿಸಿದ್ದಾನೆ. ಮರದ ತಿರುಳಿನಿಂದ ಹಿಟ್ಟು ತೆಗೆಯುವ ಅಲ್ಲಿನ ಪದ್ಧತಿಯನ್ನೂ ಅವನು ವಿವರಿಸುತ್ತಾನೆ. ಅದು ಇಂದಿನ ಸಾಬೂದಾನಿಗೆ ಮೂಲವಾದ ಸಾಗೊ.

ಬರಹಗಳ ಸಾಕ್ಷ್ಯಕ್ಕೆ ನೆಲದ ಸಾಕ್ಷ್ಯ ಸೇರಿದ್ದು ಇತ್ತೀಚೆಗೆ. ಬಾರುಸಿನ ಪಕ್ಕದಲ್ಲಿ ಲೋಬು ತುವಾ ಎಂಬ ಹಳ್ಳಿಯಿದೆ. 1995ರಿಂದ ಅಲ್ಲಿ ಇಂಡೋನೇಷ್ಯಾ ಮತ್ತು ಫ್ರಾನ್ಸ್‌ನ ಪುರಾತತ್ತ್ವಜ್ಞರು ಕ್ಲೋದ್ ಗಿಯ್ಯೋ ಅವರ ನೇತೃತ್ವದಲ್ಲಿ ಹಲವು ವರ್ಷ ಉತ್ಖನನ ನಡೆಸಿದರು. ಅಲ್ಲಿ 9ನೆಯ ಶತಮಾನದ ನಡುಭಾಗದಿಂದ ಸುಮಾರು 11ನೆಯ ಶತಮಾನದ ಕೊನೆಯವರೆಗೆ ಜನವಸತಿಯಿತ್ತೆಂದು ಗೊತ್ತಾಯಿತು. ಚೀನಾದ ಪಿಂಗಾಣಿ, ಪಶ್ಚಿಮ ಏಷ್ಯಾದ ಗಾಜಿನ ಪಾತ್ರೆಗಳ ರಾಶಿ ರಾಶಿ ಚೂರು, ಮೆರುಗಿನ ಮಡಕೆ, ಮಣಿಗಳು, ದಕ್ಷಿಣ ಭಾರತ ಮತ್ತು ಶ್ರೀಲಂಕಾ ಬಗೆಯ ಮಣ್ಣಿನ ಪಾತ್ರೆಗಳು ದೊರೆತವು. ಕಡಲ ಎರಡೂ ತುದಿಯ ಸರಕು ಒಂದೇ ಊರಿನ ಮಣ್ಣಿನಲ್ಲಿ ಸಿಕ್ಕಿತು. ಪರ್ಷಿಯನ್ ಕೊಲ್ಲಿಯ ವರ್ತಕರೂ ದಕ್ಷಿಣ ಭಾರತದವರೂ ಇಲ್ಲಿ ಬಂದುಹೋಗುವುದಷ್ಟೇ ಅಲ್ಲ, ನೆಲೆ ನಿಂತಿದ್ದರು ಎಂಬ ತೀರ್ಮಾನಕ್ಕೆ ಇದು ಆಧಾರವಾಯಿತು.

ಕನ್ನಡ ನಾಡಿನ ಕೊಂಡಿ ಇರುವುದೂ ಇದೇ ಲೋಬು ತುವಾದಲ್ಲಿ. 1873ರಲ್ಲಿ ಬಾರುಸಿನ ಡಚ್ ಅಧಿಕಾರಿಯೊಬ್ಬ ಅಲ್ಲಿ ತಮಿಳು ಲಿಪಿಯ ಶಾಸನವಿದ್ದ ಮುರಿದ ಕಲ್ಲೊಂದನ್ನು ಪತ್ತೆ ಮಾಡಿದ. ಶಾಸನತಜ್ಞ ಹುಲ್ಟ್ಜ್ ಅದರ ಮೊದಲ ಪರಿಚಯ ಮಾಡಿಕೊಟ್ಟರು. ಇತಿಹಾಸಕಾರ ಕೆ.ಎ. ನೀಲಕಂಠ ಶಾಸ್ತ್ರಿ 1932ರಲ್ಲಿ ಅದರ ಬಗ್ಗೆ ವಿಸ್ತಾರವಾಗಿ ಬರೆದರು, ವೈ. ಸುಬ್ಬರಾಯಲು 1990ರ ದಶಕದಲ್ಲಿ ಅದನ್ನು ಮತ್ತೊಮ್ಮೆ ಓದಿ ಪಾಠವನ್ನು ಸ್ಪಷ್ಟಗೊಳಿಸಿದರು. ಶಾಸನದ ಕಾಲ ಶಕ ವರ್ಷ 1010, ಅಂದರೆ ಕ್ರಿ.ಶ. 1088. ವಾರೋಸು ಎಂಬ ಪಟ್ಟಣದಲ್ಲಿ ಸಾವಿರ ದಿಕ್ಕುಗಳ ಐನೂರ್ವರು ಎಂಬ ವರ್ತಕರು ಸಭೆ ಸೇರಿ ಮಾಡಿದ ಕಟ್ಟಳೆ ಅದರಲ್ಲಿದೆ. ಹಡಗಿನ ಒಡೆಯರೂ ನಾಯಕರೂ ಕಸ್ತೂರಿಯ ಬೆಲೆಗೆ ಹೊಂದಿಸಿದ ಇಂತಿಷ್ಟು ಚಿನ್ನವನ್ನು ಸುಂಕವಾಗಿ ತೆತ್ತ ಮೇಲೆಯೇ ಮುಂದಿನ ವ್ಯವಹಾರಕ್ಕೆ ಕಾಲಿಡಬೇಕು ಎಂಬುದು ಅದರ ಸಾರ.

ಈ ಐನೂರ್ವರ ಮೂಲ ಬಾಗಲಕೋಟೆ ಜಿಲ್ಲೆಯ ಐಹೊಳೆ. ಅಯ್ಯಾವೊಳೆ ಐನೂರ್ವರು, ನಾನಾದೇಶಿಗಳು, ವೀರಬಣಂಜು ಧರ್ಮದವರು ಎಂದು ಕನ್ನಡ ಶಾಸನಗಳು ಹಾಡಿ ಹೊಗಳುವ ವರ್ತಕ ಶ್ರೇಣಿ ಇದೇ. 11ನೆಯ ಶತಮಾನದ ಶಿಕಾರಿಪುರ ಸೀಮೆಯ ಶಾಸನವೊಂದು ಇವರು ಆನೆ, ಕುದುರೆ, ರತ್ನಗಳ ಜೊತೆಗೆ ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿಗಳನ್ನು ಹೊತ್ತು ದೇಶ ದೇಶ ತಿರುಗುತ್ತಿದ್ದರೆಂದು ವರ್ಣಿಸುತ್ತದೆ. ಐನೂರ್ವರು ಒಬ್ಬ ಯಜಮಾನನ ಕೈಕೆಳಗಿನ ಒಂದೇ ಸಂಸ್ಥೆಯಾಗಿರಲಿಲ್ಲ. ಒಂದೇ ಹೆಸರನ್ನು, ಒಂದೇ ಬಿರುದಾವಳಿಯನ್ನು, ಒಂದೇ ವ್ಯಾಪಾರಧರ್ಮವನ್ನು ಹಂಚಿಕೊಂಡ ಹಲವು ಕೂಟಗಳು ಬೇರೆ ಬೇರೆ ಸೀಮೆಗಳಲ್ಲಿ ಕೆಲಸ ಮಾಡುತ್ತಿದ್ದವು. ಚೋಳರ ಕಾಲದಲ್ಲಿ ತಮಿಳು ಕರಾವಳಿಯಿಂದ ಹೊರಟ ಕೂಟ ಬಾರುಸಿನಲ್ಲಿ ಶಾಸನ ಹಾಕಿಸಿದ್ದರಿಂದ ಅದರ ಭಾಷೆ ತಮಿಳು. ಆದರೂ ಮಲಪ್ರಭೆಯ ದಡದ ಹೆಸರು ಸುಮಾತ್ರಾದ ಕಾಡಂಚಿನವರೆಗೆ ಹೋಗಿ ಕಲ್ಲಿನಲ್ಲಿ ನಿಂತದ್ದು ಸಣ್ಣ ಸಂಗತಿಯಲ್ಲ. ಶಾಸನದ ಕಲ್ಲು ಈಗ ಜಕಾರ್ತಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಇದಕ್ಕೆ ಅರವತ್ತಕ್ಕೂ ಹೆಚ್ಚು ವರ್ಷ ಮುಂಚೆ, 1025ರಲ್ಲಿ, ರಾಜೇಂದ್ರ ಚೋಳನ ನೌಕಾಪಡೆ ಸುಮಾತ್ರಾದ ಶ್ರೀವಿಜಯ ರಾಜ್ಯದ ಮೇಲೆ ದಾಳಿ ಮಾಡಿತ್ತು. ಅವನು ಗೆದ್ದ ಊರುಗಳ ಪಟ್ಟಿಯಲ್ಲಿ ಸುಮಾತ್ರಾದ ಹಲವು ಬಂದರುಗಳಿದ್ದರೂ ಬಾರುಸಿನ ಹೆಸರಿಲ್ಲ. ಇಲ್ಲಿ ಭಾರತೀಯರು ಬೇರೂರಿದ್ದು ವ್ಯಾಪಾರದ ಬಲದಿಂದ. ಅವರ ಗುರುತು ಬೆಟ್ಟದ ಮೇಲಿನ ಕಾರೊ ಬತಾಕರಲ್ಲಿ ಇನ್ನೂ ಉಳಿದಿದೆ ಎನ್ನುತ್ತಾರೆ. ಸೆಂಬಿರಿಂಗ್ ಎಂಬ ಅವರ ಬಳಿಯಲ್ಲಿ ಚೋಲಿಯಾ, ಪಾಂಡಿಯಾ, ಮೆಲಿಯಾಲಾ, ಪೆಲಾವಿ, ಬ್ರಾಹ್ಮಣ ಎಂಬ ಉಪಬಳಿಗಳಿವೆ. ಚೋಳ, ಪಾಂಡ್ಯ, ಮಲೆಯಾಳ, ಪಲ್ಲವ ಎಂಬ ಹೆಸರುಗಳು ಇವುಗಳ ಹಿಂದಿವೆ ಎಂಬುದು ವಿದ್ವಾಂಸರ ಅಭಿಪ್ರಾಯ.

ಶಾಸನ ಹಾಕಿಸಿದ ಕೆಲವೇ ವರ್ಷಗಳಲ್ಲಿ ಲೋಬು ತುವಾ ಪಾಳುಬಿತ್ತು. ಗೆರ್ಗಾಸಿ ಎಂಬ ದೈತ್ಯರು ಬಂದು ಊರನ್ನು ಹಾಳುಗೆಡವಿದರೆಂಬ ಕಥೆ ಸ್ಥಳೀಯ ವೃತ್ತಾಂತಗಳಲ್ಲಿದೆ. ಊರು ಬಿದ್ದರೂ ವ್ಯಾಪಾರ ನಿಲ್ಲಲಿಲ್ಲ. ಹತ್ತಿರದ ಬುಕಿತ್ ಹಾಸಂಗ್‌ನಲ್ಲಿ ಹೊಸ ನೆಲೆ ಎದ್ದು 17ನೆಯ ಶತಮಾನದವರೆಗೂ ನಡೆಯಿತು. 2001ರಿಂದ ದಾನಿಯೆಲ್ ಪೆರೆ ಮತ್ತು ಹೆಡ್ಡಿ ಸುರಾಖ್‌ಮನ್ ಅವರ ತಂಡ ಅಲ್ಲಿ ಉತ್ಖನನ ನಡೆಸಿ ಈ ಎರಡನೆಯ ಅಧ್ಯಾಯವನ್ನು ಬೆಳಕಿಗೆ ತಂದಿತು.

ಈ ಅವಧಿಯಲ್ಲೇ ಬಾರುಸಿಗೆ ಇಸ್ಲಾಂ ಬಂತು. ಸುತ್ತಮುತ್ತಲ ಗುಡ್ಡಗಳಲ್ಲಿ ಹಳೆಯ ಮುಸ್ಲಿಂ ಗೋರಿಗಳು ಹಲವಿವೆ. ಮಹ್ಲಿಗೈ ಎಂಬಲ್ಲಿ ಗೋರಿಗಳ ಒಂದು ದೊಡ್ಡ ಸಮೂಹವೇ ಇದೆ. ಪಾಪಾನ್ ತಿಂಗ್ಗಿಯ ಗೋರಿ ಬೆಟ್ಟದ ತುದಿಯಲ್ಲಿದ್ದು, ಏಳುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಅಲ್ಲಿಗೆ ತಲುಪಬೇಕು. ಕೆಲವು ಗೋರಿಗಳು 7ನೆಯ ಶತಮಾನದವು ಎಂಬ ನಂಬಿಕೆ ಊರಿನಲ್ಲಿ ಬಲವಾಗಿದೆ. ಗೋರಿಗಲ್ಲುಗಳನ್ನು ಪರಿಶೀಲಿಸಿದ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಇಲ್ಲಿ ಖಚಿತ ತೇದಿಯುಳ್ಳ ಅತಿ ಹಳೆಯ ಗೋರಿ 1370ರದು. 2017ರ ಮಾರ್ಚ್ 24ರಂದು ಆಗಿನ ರಾಷ್ಟ್ರಾಧ್ಯಕ್ಷ ಜೋಕೊ ವಿದೊದೊ ಬಾರುಸಿನಲ್ಲಿ, ನುಸಾಂತರದ (ಇಂಡೋನೇಷ್ಯಾ ದ್ವೀಪಸಮೂಹದ) ಇಸ್ಲಾಮಿನ ಶೂನ್ಯಬಿಂದು ಎಂದು ಸಾರುವ ಸ್ಮಾರಕವನ್ನು ಉದ್ಘಾಟಿಸಿದರು. ಸುಮಾತ್ರಾದ ಉತ್ತರ ತುದಿಯ ಅಚೇ ಸೀಮೆಯ ಸಮುದ್ರ ಪಾಸೈಗೂ ಇಂಥದೇ ಹಿರಿತನದ ವಾದ ಇರುವುದರಿಂದ ಚರ್ಚೆ ಇನ್ನೂ ಮುಗಿದಿಲ್ಲ.

ಸಾಹಿತ್ಯದಲ್ಲಿ ಊರಿನ ಹೆಸರನ್ನು ಉಳಿಸಿದವನು ಹಮ್ಜಾ ಫನ್ಸೂರಿ. ಮಲಯ ಭಾಷೆಯಲ್ಲಿ ಸೂಫಿ ಪದ್ಯ ಬರೆದವರಲ್ಲಿ ಈಗ ತಿಳಿದಿರುವ ಮಟ್ಟಿಗೆ ಮೊದಲಿಗ ಅವನೇ. ಅವನ ಕಾಲದ ಬಗ್ಗೆ ಭಿನ್ನಾಭಿಪ್ರಾಯವಿದೆ. ಮಕ್ಕಾದ ಒಂದು ಗೋರಿಗಲ್ಲಿನ ಆಧಾರದಿಂದ 1527ರಲ್ಲಿ ತೀರಿಕೊಂಡನೆಂದು ಕೆಲವರು ಹೇಳಿದರೆ, ಇತರರು 16ನೆಯ ಶತಮಾನದ ಕೊನೆಯವರೆಗೆ ಬದುಕಿದ್ದನೆನ್ನುತ್ತಾರೆ. 17ನೆಯ ಶತಮಾನದಲ್ಲಿ ಗುಜರಾತಿನ ರಾಂದೇರ್ ಮೂಲದ ಪಂಡಿತ ನೂರುದ್ದೀನ್ ರಾನಿರಿ ಅಚೇ ಆಸ್ಥಾನದಲ್ಲಿ ಪ್ರಬಲನಾಗಿದ್ದಾಗ, ಹಮ್ಜಾನ ಪಂಥ ಧರ್ಮಬಾಹಿರವೆಂದು ಸಾರಿ ಅವನ ಕೃತಿಗಳನ್ನು ಸುಡಲಾಯಿತು. ಉಳಿದ ಪ್ರತಿಗಳಿಂದ ಅವನ ಕಾವ್ಯ ಇಂದಿಗೂ ಓದುಗರಿಗೆ ಸಿಗುತ್ತದೆ.

ಆಡಳಿತದಲ್ಲಿ ಬಾರುಸ್ ಒಂದು ವಿಚಿತ್ರ ವ್ಯವಸ್ಥೆಯನ್ನು ಬೆಳೆಸಿಕೊಂಡಿತ್ತು. ಒಂದೇ ಊರಿಗೆ ಇಬ್ಬರು ಅರಸರು, ಹುಲು ಅಂದರೆ ಹೊಳೆಯ ಮೇಲ್ದಂಡೆಯವನು ಒಬ್ಬ, ಹಿಲಿರ್ ಅಂದರೆ ಕೆಳದಂಡೆಯವನು ಇನ್ನೊಬ್ಬ. ಎರಡೂ ಮನೆತನಗಳು ತಮ್ಮ ತಮ್ಮ ವಂಶಚರಿತ್ರೆ ಬರೆಸಿದವು. ಅವುಗಳನ್ನು ಅಧ್ಯಯನ ಮಾಡಿದ ಜೇನ್ ಡ್ರೇಕಾರ್ಡ್ ಅವರ ಗ್ರಂಥ 1990ರಲ್ಲಿ ಪ್ರಕಟವಾಯಿತು. ಮೇಲ್ದಂಡೆಯ ಮನೆತನಕ್ಕೆ ಬತಾಕ್ ಬೆಟ್ಟಗಳ ನಂಟು, ಕೆಳದಂಡೆಯ ಮನೆತನಕ್ಕೆ ಮಿನಾಂಗ್‌ಕಬಾವ್ ಕರಾವಳಿಯ ನಂಟು. ಊರಿನ ಸಂಪತ್ತು ಬೆಳೆಯುತ್ತಿದ್ದದ್ದು ಊರಿನ ಹೊರಗೆ, ಬೆಟ್ಟದ ಜನರ ಕೈಯಲ್ಲಿ. ಅವರು ಕರ್ಪೂರ, ಸಾಂಬ್ರಾಣಿ ಇಳಿಸಿ ಉಪ್ಪು, ಬಟ್ಟೆ, ಕಬ್ಬಿಣ ಹೊತ್ತು ಹತ್ತುತ್ತಿದ್ದರು. ಅವರು ಮುನಿದು ಬೇರೆ ಬಂದರಿನ ದಾರಿ ಹಿಡಿದರೆ ಬಾರುಸಿಗೆ ಬಾಳುವೆಯಿಲ್ಲ. ಆದ್ದರಿಂದ ಬೆಟ್ಟದ ಕಡೆಗೊಬ್ಬ, ಕಡಲ ಕಡೆಗೊಬ್ಬ ಅರಸನಿದ್ದದ್ದು ವ್ಯಾಪಾರಕ್ಕೆ ಅನುಕೂಲವೇ ಆಗಿತ್ತು.

16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಲೇಖಕ ತೊಮೆ ಪಿರೆಸ್ ಬಾರುಸನ್ನು ಶ್ರೀಮಂತ ರಾಜ್ಯವೆಂದು ವರ್ಣಿಸಿ, ಗುಜರಾತಿ ಹಡಗುಗಳು ಅಲ್ಲಿಗೆ ಬರುತ್ತಿದ್ದುದನ್ನು ಹೇಳುತ್ತಾನೆ. ಆ ಶತಮಾನದಲ್ಲೇ ಊರು ಅಚೇ ಸುಲ್ತಾನರ ಹಿಡಿತಕ್ಕೆ ಹೋಯಿತು. 1668ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಬಾರುಸಿನೊಂದಿಗೆ ಒಪ್ಪಂದ ಮಾಡಿಕೊಂಡು ಕೋಠಿ ತೆರೆಯಿತು. ಕಂಪನಿ ಒಬ್ಬ ಅರಸನನ್ನು ಹಿಡಿದು ಇನ್ನೊಬ್ಬನನ್ನು ಬದಿಗೊತ್ತಲು ನೋಡಿ ಪದೇ ಪದೇ ಜಗಳಕ್ಕೆ ಸಿಲುಕಿತು. 18ನೆಯ ಶತಮಾನದಲ್ಲಿ ಬ್ರಿಟಿಷರು ದಕ್ಷಿಣದ ತಪಿಯಾನ್ ನೌಲಿ ಕೊಲ್ಲಿಯಲ್ಲಿ ನೆಲೆಯೂರಿ ಪೈಪೋಟಿಗಿಳಿದರು. 1840ರ ಸುಮಾರಿಗೆ ಡಚ್ ಸರ್ಕಾರದ ಸೇನೆ ಬಾರುಸನ್ನು ವಶಪಡಿಸಿಕೊಂಡಿತು. 1862ರಲ್ಲಿ ಸುಮಾತ್ರಾಕ್ಕೆ ಬಂದ ಜರ್ಮನ್ ಮಿಷನರಿ ಲುಡ್ವಿಗ್ ನೊಮೆನ್ಸೆನ್ ಮೊದಲು ಕೆಲಸ ಆರಂಭಿಸಿದ್ದು ಬಾರುಸಿನಲ್ಲಿ. ಬಳಿಕ ಅವನು ಒಳನಾಡಿನ ಸಿಲಿಂಡುಂಗ್ ಕಣಿವೆಗೆ ಹೋಗಿ ನೆಲೆಸಿದ. ಬತಾಕ್ ಕ್ರೈಸ್ತ ಸಮುದಾಯ ಬೆಳೆದದ್ದು ಅಲ್ಲಿಂದ.

ಬಾರುಸಿನ ಇಳಿಕೆಗೆ ಕಾರಣಗಳು ಒಂದಕ್ಕಿಂತ ಹೆಚ್ಚು. ಇಲ್ಲಿನ ತೀರ ತೆರೆದದ್ದು, ದೊಡ್ಡ ಹಡಗಿಗೆ ಮರೆಯಿಲ್ಲ. ಡಚ್ಚರು ಕೊಲ್ಲಿಯ ಆಸರೆಯಿದ್ದ ಸಿಬೊಲ್ಗಾವನ್ನು ಆಡಳಿತ ಮತ್ತು ಹಡಗುಗಾರಿಕೆಯ ಕೇಂದ್ರ ಮಾಡಿಕೊಂಡಾಗ ಸರಕೆಲ್ಲ ಅತ್ತ ಹರಿಯಿತು. ಪೂರ್ವ ಕರಾವಳಿಯಲ್ಲಿ ತಂಬಾಕಿನ ತೋಟಗಳಿಂದ ಮೇದಾನ್ ನಗರ ಬೆಳೆದು ಇಡೀ ಉತ್ತರ ಸುಮಾತ್ರಾವನ್ನು ತನ್ನೆಡೆಗೆ ಸೆಳೆಯಿತು. ಅಗ್ಗದ ತೈವಾನ್ ಕರ್ಪೂರ ಮಾರುಕಟ್ಟೆ ತುಂಬಿತು; 20ನೆಯ ಶತಮಾನದ ಆರಂಭದಿಂದ ಟರ್ಪಂಟೈನ್ ಎಣ್ಣೆಯಿಂದ ಕಾರ್ಖಾನೆಯಲ್ಲೇ ಕರ್ಪೂರ ತಯಾರಾಗತೊಡಗಿತು. ಇವೆಲ್ಲದರ ಕೆಳಗೆ ಇನ್ನೊಂದು ಕಾರಣವಿತ್ತು. ಒಂದು ಹಿಡಿ ಹರಳಿಗಾಗಿ ಹಲವು ಮರ ಉರುಳಿಸುತ್ತ ಬಂದ ಕಸುಬು ತನ್ನ ಬುಡವನ್ನು ತಾನೇ ಕಡಿದುಕೊಂಡಿತ್ತು. ಇಂದು ಬಾರುಸಿನ ಸುತ್ತ ಕರ್ಪೂರದ ಮರ ಅಪರೂಪ. ಇಂಡೋನೇಷ್ಯಾದ ಅಂಗಡಿಗಳಲ್ಲಿ ಕಾಪುರ್ ಬಾರುಸ್ ಎಂದು ಕೇಳಿದರೆ ಬಟ್ಟೆಯ ಪೆಟ್ಟಿಗೆಗೆ ಹಾಕುವ ನುಸಿಗುಳಿಗೆ ಕೊಡುತ್ತಾರೆ.

ಸಾಂಬ್ರಾಣಿಯ ಕಥೆ ಬೇರೆ. ಬಾರುಸಿನ ಹಿಂದಿನ ಹುಂಬಾಂಗ್ ಹಸುಂದುತಾನ್, ಉತ್ತರ ತಪನೂಲಿ ಮತ್ತು ಪಾಕ್‌ಪಾಕ್ ಭಾರತ್ ಜಿಲ್ಲೆಗಳಲ್ಲಿ ರೈತರು ಇಂದಿಗೂ ರಾಳ ಇಳಿಸುತ್ತಾರೆ; ಧೂಪ, ಅತ್ತರು, ಔಷಧಿಗಳಿಗೆ ಅದು ಹೊರದೇಶಕ್ಕೆ ಹೋಗುತ್ತದೆ. ಕಾಗದದ ತಿರುಳಿನ ಉದ್ಯಮಕ್ಕೆ ಸರ್ಕಾರ ಗುತ್ತಿಗೆ ಕೊಟ್ಟ ಕಾಡಿನಲ್ಲಿ ಈ ಮರಗಳೂ ಸೇರಿದಾಗ ಪಂಡುಮಾನ್ ಮತ್ತು ಸಿಪಿತುಹುತಾ ಹಳ್ಳಿಗಳ ಜನ ವರ್ಷಗಟ್ಟಲೆ ಹೋರಾಡಿದರು. ಪಾರಂಪರಿಕ ಕಾಡು ಸರ್ಕಾರಿ ಕಾಡಲ್ಲ ಎಂದು ದೇಶದ ಸಂವಿಧಾನ ನ್ಯಾಯಾಲಯ 2013ರಲ್ಲಿ ತೀರ್ಪಿತ್ತಿತು. 2016ರ ಡಿಸೆಂಬರಿನಲ್ಲಿ ರಾಷ್ಟ್ರಾಧ್ಯಕ್ಷರು ಆ ಎರಡು ಹಳ್ಳಿಗಳ ಐದು ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಸಾಂಬ್ರಾಣಿ ಕಾಡನ್ನು ಗುತ್ತಿಗೆಯಿಂದ ಬಿಡಿಸುವುದಾಗಿ ಪ್ರಕಟಿಸಿದರು.

ಬಾರುಸ್ ನೋಡಬಯಸುವವರು ಸಿಬೊಲ್ಗಾದ ಮೂಲಕ ಹೋಗುವುದು ಅನುಕೂಲ. ಆ ಪಟ್ಟಣದ ಬಳಿಯ ಪಿನಾಂಗ್‌ಸೋರಿಯಲ್ಲಿ ಸಣ್ಣ ವಿಮಾನ ನಿಲ್ದಾಣವಿದೆ. ಗೋರಿಗಳಿಗೆ ಹೋಗುವವರು ಮೈಮುಚ್ಚುವ ಉಡುಪು ಧರಿಸಬೇಕು, ಏಕೆಂದರೆ ಅವು ಇಂದಿಗೂ ಜಿಯಾರತ್ (ಗೋರಿ ದರ್ಶನ) ನಡೆಯುವ ತಾಣಗಳು. ಲೋಬು ತುವಾದಲ್ಲಿ ಕಣ್ಸೆಳೆಯುವ ಕಟ್ಟಡಗಳಿಲ್ಲ. ಇರುವುದು ಮಣ್ಣಿನಡಿಯ ಊರು. ನೆಲದಲ್ಲಿ ಸಿಗುವ ಮಣಿ, ಚೂರುಗಳನ್ನು ಕೊಂಡುಕೊಳ್ಳುವುದು ಸಲ್ಲದು. ಪ್ರಾಚ್ಯವಸ್ತುಗಳಿಗೆ 2010ರ ಸಾಂಸ್ಕೃತಿಕ ಪರಂಪರೆ ಕಾಯ್ದೆಯ ರಕ್ಷಣೆಯಿದೆ. ಹಣ ಹೂಡಲು ಬರುವವರು ಮೊದಲು ತಿಳಿಯಬೇಕಾದದ್ದು ಭೂಮಿಯ ಕಾನೂನು. 1960ರ ಮೂಲ ಭೂಕಾಯ್ದೆಯಂತೆ ಪೂರ್ಣ ಒಡೆತನದ ಹಕ್ಕು ವಿದೇಶಿಯರಿಗಿಲ್ಲ; ವಿದೇಶಿ ಬಂಡವಾಳದ ಸಂಸ್ಥೆಗೆ ಸಿಗುವುದು ಸಾಗುವಳಿ, ಕಟ್ಟಡ ಮೊದಲಾದವುಗಳ ಅವಧಿಗೊಳಪಟ್ಟ ಹಕ್ಕು ಮಾತ್ರ. ಇಡೀ ಕರಾವಳಿ ಭೂಕಂಪ ವಲಯದಲ್ಲಿದೆ ಎಂಬುದನ್ನೂ ಮರೆಯುವಂತಿಲ್ಲ. 2005ರ ಮಾರ್ಚ್ 28ರಂದು ಎದುರಿನ ನಿಯಾಸ್ ದ್ವೀಪದ ಬಳಿ ಸಂಭವಿಸಿದ ಭೂಕಂಪದ ತೀವ್ರತೆ 8.6.

ಬಾರುಸ್ ತನ್ನ ಕಾಡನ್ನು ಎರಡು ಬಗೆಯಲ್ಲಿ ಬಳಸಿತು. ಮರ ಕಡಿದು ತೆಗೆದ ಕರ್ಪೂರ ಚಿನ್ನದ ಬೆಲೆ ತಂದು ಕೊನೆಗೆ ಇಲ್ಲವಾಯಿತು. ಮರ ಉಳಿಸಿ ಇಳಿಸಿದ ಸಾಂಬ್ರಾಣಿ ಕಡಿಮೆ ಬೆಲೆಗೆ ಮಾರಿದರೂ ಇಂದಿಗೂ ಸಾವಿರಾರು ಮನೆಗಳಿಗೆ ಅನ್ನ ಕೊಡುತ್ತಿದೆ. ಇನ್ನು ಇಲ್ಲಿ ಯಾವ ಉದ್ಯಮ ನೆಲೆಯೂರಬೇಕಾದರೂ ಅದು ಎರಡನೆಯ ದಾರಿಯನ್ನೇ ಹಿಡಿಯಬೇಕು, ಬೆಟ್ಟದ ಜನರ ಒಪ್ಪಿಗೆ ಪಡೆದೇ ಹಿಡಿಯಬೇಕು.